ಅಗ್ಗದ ಪ್ಯಾಕೆಟ್ಟು, ದುಬಾರಿ ಊಟ: ಲೆಕ್ಕ ಎಲ್ಲಿ ತಪ್ಪುತ್ತಿದೆ?

ಮಾನ್ಯ ಸಂಪಾದಕರೇ,

ಆರೋಗ್ಯಕರ ಊಟ ದುಡ್ಡಿದ್ದವರಿಗೆ ಮಾತ್ರ ಎಂದು ಕೆಲವರು ಬರೆಯುತ್ತಾರೆ. ಮನಸ್ಸು ಮಾಡಿದರೆ ಯಾರು ಬೇಕಾದರೂ ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಉಣ್ಣಬಹುದು, ಉಳಿದದ್ದೆಲ್ಲ ಸೋಮಾರಿತನ ಎನ್ನುವವರು ಇನ್ನು ಕೆಲವರು. ವಾಚಕರ ಅಂಕಣಗಳಲ್ಲಿ ಈ ಎರಡು ವಾದಗಳು ಮತ್ತೆ ಮತ್ತೆ ಎದುರುಬದುರಾಗುತ್ತವೆ, ಇತ್ಯರ್ಥ ಮಾತ್ರ ಆಗುವುದಿಲ್ಲ. ಇಬ್ಬರೂ ಬೆಲೆಯ ಮಾತನ್ನೇ ಆಡುತ್ತಾರೆ; ಆದರೆ ಒಬ್ಬರದು ಕ್ಯಾಲರಿ ಲೆಕ್ಕ, ಇನ್ನೊಬ್ಬರದು ಕಿಲೋ ಲೆಕ್ಕ. ಬಿಸಾಡಿದ ಸಿಪ್ಪೆ, ಕೊಳೆತ ಸೊಪ್ಪು, ಉರಿದ ಗ್ಯಾಸು, ಅಡುಗೆಮನೆಯಲ್ಲಿ ನಿಂತ ಹೊತ್ತು ಇಬ್ಬರ ಲೆಕ್ಕದಲ್ಲೂ ಇಲ್ಲ. ಇವನ್ನೆಲ್ಲ ಸೇರಿಸಿ ಕೂಡಿದಾಗ ಬರುವ ಉತ್ತರ ಯಾರ ಪರವೂ ಪೂರ್ತಿ ನಿಲ್ಲುವುದಿಲ್ಲ. ಬೇಳೆಕಾಳು, ಧಾನ್ಯ, ಶೇಂಗಾ, ಮೊಟ್ಟೆಗಳ ಮಟ್ಟಿಗೆ ಒಳ್ಳೆಯ ಊಟ ಸಾಮಾನ್ಯವಾಗಿ ಪ್ಯಾಕೆಟ್ಟಿಗಿಂತ ಅಗ್ಗವೇ. ಹಣ್ಣು, ತರಕಾರಿ, ಹಾಲು ಮತ್ತು ಸಮಯ, ಈ ನಾಲ್ಕರ ಮಟ್ಟಿಗೆ ಅದು ನಿಜವಾಗಿಯೂ ದುಬಾರಿ. ಯಾವುದು ಅಗ್ಗ, ಯಾವುದು ದುಬಾರಿ ಎಂದು ಬಿಡಿಸಿ ನೋಡದೆ ಕೊಡುವ ಸಲಹೆ ಬಡವರನ್ನು ಬೈದಂತೆ ಕೇಳಿಸುತ್ತದೆಯೇ ಹೊರತು ಅವರ ತಟ್ಟೆಗೆ ಏನನ್ನೂ ಸೇರಿಸುವುದಿಲ್ಲ.

ಮೊದಲು ಕ್ಯಾಲರಿ ಲೆಕ್ಕ. ನೂರು ಗ್ರಾಂ ಎಲೆಕೋಸಿನಲ್ಲಿ ಸುಮಾರು 25 ಕ್ಯಾಲರಿ ಇದೆ, ನೂರು ಗ್ರಾಂ ಬಿಸ್ಕತ್ತಿನಲ್ಲಿ 450ರಿಂದ 500. ಕ್ಯಾಲರಿಗೆ ಎಷ್ಟು ದುಡ್ಡು ಎಂದು ಕೇಳಿದರೆ ಎಲೆಕೋಸು ಸೋಲಲೇಬೇಕು. ದಿನಕ್ಕೆ 2,000 ಕ್ಯಾಲರಿಯನ್ನು ಎಲೆಕೋಸಿನಿಂದಲೇ ಪಡೆಯಬೇಕೆಂದರೆ 8 ಕಿಲೋ ತಿನ್ನಬೇಕು. ಶಕ್ತಿಗಾಗಿ ಯಾರೂ ಎಲೆಕೋಸು ತಿನ್ನುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ವರದಿ ಇದನ್ನು ಚೆನ್ನಾಗಿ ತೋರಿಸಿತು. ಕ್ಯಾಲರಿಗೆ ಬೆಲೆ ಕಟ್ಟಿದಾಗ ತರಕಾರಿ, ಹಣ್ಣು ದುಬಾರಿಯಾಗಿ ಕಂಡವು. ತಿನ್ನಬಹುದಾದ ತೂಕಕ್ಕೆ ಅಥವಾ ಒಂದು ಸಲ ಬಡಿಸುವ ಪ್ರಮಾಣಕ್ಕೆ ಬೆಲೆ ಕಟ್ಟಿದಾಗ, ಸಕ್ಕರೆ, ಕೊಬ್ಬು, ಉಪ್ಪು ಹೆಚ್ಚಿರುವ ತಿನಿಸುಗಳಿಗಿಂತ ಅವೇ ಅಗ್ಗವಾದವು. ಸಾಮಾನು ಅದೇ, ಅಂಗಡಿ ಅದೇ. ಭಾಜಕ ಬದಲಾದರೆ ಉತ್ತರ ಬದಲಾಯಿತು.

ಹಾಗೆಂದು ಕ್ಯಾಲರಿ ಲೆಕ್ಕ ಸುಳ್ಳಲ್ಲ. ತಿಂಗಳ ಕೊನೆಯಲ್ಲಿ ಕೈಯಲ್ಲಿ ಉಳಿದದ್ದು ಸ್ವಲ್ಪವೇ ಎಂದಾದಾಗ ಮನುಷ್ಯ ಮೊದಲು ಹಸಿವು ಅಡಗಿಸುವುದನ್ನು ಕೊಳ್ಳುತ್ತಾನೆ. ಅದು ಅಜ್ಞಾನವಲ್ಲ, ಸರಿಯಾದ ಲೆಕ್ಕಾಚಾರವೇ. ಆ ಲೆಕ್ಕದಲ್ಲೂ ಗೆಲ್ಲುವುದು ಪ್ಯಾಕೆಟ್ಟಲ್ಲ, ಅಕ್ಕಿ, ಗೋಧಿಯಂಥ ಬಿಡಿ ಧಾನ್ಯ ಮತ್ತು ಎಣ್ಣೆ ಎಂಬುದನ್ನು ಮಾತ್ರ ಮರೆಯಬಾರದು.

ಒಂದೊಂದು ಆಹಾರಕ್ಕೂ ಒಂದೊಂದು ಕೆಲಸವಿದೆ. ಧಾನ್ಯ ಶಕ್ತಿಗೆ, ಕಾಳು ಪ್ರೋಟೀನಿಗೆ ಮತ್ತು ನಾರಿಗೆ, ತರಕಾರಿ ಹಣ್ಣು ವಿಟಮಿನ್, ಖನಿಜಗಳಿಗೆ. ಆಯಾ ಕೆಲಸಕ್ಕೆ ತಗಲುವ ಖರ್ಚನ್ನು ಹೋಲಿಸಬೇಕು. ಪ್ರೋಟೀನ್ ಲೆಕ್ಕವನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. 10 ಗ್ರಾಂ ಪ್ರೋಟೀನ್ ಸಿಗಲು ಬೇಕಾಗುವ ಪ್ರಮಾಣ ಸುಮಾರು ಹೀಗಿದೆ: ಒಣ ಬೇಳೆ 42 ಗ್ರಾಂ, ಒಣ ಕಡಲೆಕಾಳು 50 ಗ್ರಾಂ, ಶೇಂಗಾ ಬೀಜ 40 ಗ್ರಾಂ, ಹಾಲು 300 ಮಿಲಿಲೀಟರ್, ಮೊಟ್ಟೆ ಒಂದೂಮುಕ್ಕಾಲು, ಗೋಧಿ ಹಿಟ್ಟು 80ರಿಂದ 85 ಗ್ರಾಂ, ಸಾಧಾರಣ ಸಿಹಿ ಬಿಸ್ಕತ್ತು 140 ಗ್ರಾಂಗೂ ಮೇಲೆ. ಕಿಲೋ ಬೆಲೆಯನ್ನು ಈ ಗ್ರಾಂಗಳಿಂದ ಗುಣಿಸಿ 1,000ದಿಂದ ಭಾಗಿಸಿದರೆ ಹತ್ತು ಗ್ರಾಂ ಪ್ರೋಟೀನಿನ ಬೆಲೆ ಸಿಗುತ್ತದೆ. ಬೇಳೆ ಮತ್ತು ಬಿಸ್ಕತ್ತಿನ ಕಿಲೋ ಬೆಲೆ ಒಂದೇ ಎಂದುಕೊಂಡರೂ ಬಿಸ್ಕತ್ತಿನ ಪ್ರೋಟೀನಿಗೆ ಮೂರು ಪಟ್ಟಿಗಿಂತ ಹೆಚ್ಚು ದುಡ್ಡು ತೆರುತ್ತೇವೆ. ಅದರ ಜೊತೆಗೆ ಬೇಡದ ಬಾಬತ್ತೂ ಬರುತ್ತದೆ: ಆ 140 ಗ್ರಾಂನಲ್ಲಿ ಏಳುನೂರರ ಹತ್ತಿರ ಕ್ಯಾಲರಿ, ಸಕ್ಕರೆ ನಾಲ್ಕನೇ ಒಂದು ಪಾಲಿದ್ದರೆ 35 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸೂಚನೆಯಂತೆ, ಹೊರಗಿನಿಂದ ಸೇರಿಸಿದ ಸಕ್ಕರೆ ಮತ್ತು ಜೇನು, ಹಣ್ಣಿನ ರಸಗಳಲ್ಲಿರುವ ಸಕ್ಕರೆ ದಿನದ ಒಟ್ಟು ಶಕ್ತಿಯಲ್ಲಿ ಶೇ 10ಕ್ಕಿಂತ ಕಡಿಮೆ ಇರಬೇಕು. 2,000 ಕ್ಯಾಲರಿಯ ಊಟಕ್ಕೆ ಅದು 50 ಗ್ರಾಂ.

ಚಿಪ್ಸ್ ಪ್ಯಾಕೆಟ್ಟಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಹಸಿ ಆಲೂಗಡ್ಡೆಯಲ್ಲಿ ಹೆಚ್ಚುಕಡಿಮೆ ಶೇ 80 ನೀರು. ಎಣ್ಣೆಯಲ್ಲಿ ಕರಿದಾಗ ಆ ನೀರು ಆವಿಯಾಗುತ್ತದೆ, ಒಂದಷ್ಟು ಜಾಗವನ್ನು ಎಣ್ಣೆ ಹಿಡಿಯುತ್ತದೆ. 100 ಗ್ರಾಂ ಚಿಪ್ಸ್‌ಗೆ ಸಿಪ್ಪೆ ತೆಗೆದ ಸುಮಾರು 300 ಗ್ರಾಂ ಆಲೂಗಡ್ಡೆ ಬೇಕು. ಅದರಲ್ಲಿ 35 ಗ್ರಾಂನಷ್ಟು ಎಣ್ಣೆ ಸೇರಿಕೊಂಡಿರುತ್ತದೆ. ಆಲೂಗಡ್ಡೆಯಿಂದ ಬರುವುದು 230 ಕ್ಯಾಲರಿ, ಎಣ್ಣೆಯಿಂದ 315. ಅಂದರೆ ಚಿಪ್ಸ್‌ನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯದೇ. ಪುಟ್ಟ ಪ್ಯಾಕೆಟ್ಟಿನ ಬೆಲೆ ಚಿಲ್ಲರೆ ಕಾಸಿನಂತೆ ಕಾಣುವುದು ಅದರ ತೂಕ ಕೆಲವೇ ಗ್ರಾಂ ಆಗಿರುವುದರಿಂದ. ಬೆಲೆಯನ್ನು ತೂಕದಿಂದ ಭಾಗಿಸಿ ಕಿಲೋಗೆ ಏರಿಸಿ, ಪಕ್ಕದಲ್ಲಿ ಮೂರು ಕಿಲೋ ಆಲೂಗಡ್ಡೆಯ ಬೆಲೆಯನ್ನೂ ಸುಮಾರು 350 ಗ್ರಾಂ ಎಣ್ಣೆಯ ಬೆಲೆಯನ್ನೂ ಕೂಡಿ ಬರೆದು ನೋಡಬೇಕು. ಬೆಲೆ ಏರಿಸುವ ಬದಲು ತಯಾರಕರು ತೂಕವನ್ನೇ ತಗ್ಗಿಸುವುದೂ ಇದೆ. ಪ್ಯಾಕೆಟ್ಟಿನ ಅಗಲ ಎತ್ತರ ಹಾಗೇ ಇರುತ್ತದೆ, ಹಿಂಬದಿಯ ಗ್ರಾಂ ಸಂಖ್ಯೆ ಮಾತ್ರ ಇಳಿದಿರುತ್ತದೆ. ಅದನ್ನು ಓದುವವರು ಕಡಿಮೆ.

ಕಾರ್ಖಾನೆಯ ತಿನಿಸು ಅಗ್ಗವಾಗಲು ಕಾರಣಗಳಿವೆ, ಅವು ಗುಟ್ಟೇನೂ ಅಲ್ಲ. ಮೈದಾ, ಸಕ್ಕರೆ, ಪಿಷ್ಟ, ತಾಳೆ ಎಣ್ಣೆ ಜಗತ್ತಿನಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿ ತಯಾರಾಗುವ, ಕೆಡದೆ ಇಡಬಹುದಾದ ಕಚ್ಚಾ ಸಾಮಗ್ರಿಗಳು. ನೀರಿನಂಶ ಕಡಿಮೆಯಾದ್ದರಿಂದ ಸಾಗಣೆ ಹಗುರ, ಶೈತ್ಯಾಗಾರ ಬೇಕಿಲ್ಲ, ಅಂಗಡಿಯ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂರುತ್ತದೆ. ಅಂಗಡಿಯವನಿಗೆ ಕೊಳೆತು ನಷ್ಟವಾಗುವುದಿಲ್ಲ. ತರಕಾರಿಯ ಬೆಲೆಯಲ್ಲಿ ಕೊಳೆತು ಹೋದ ಪಾಲಿನ ಬೆಲೆಯೂ ಸೇರಿರುತ್ತದೆ. ಕೊಳ್ಳುವವನು ಆ ನಷ್ಟವನ್ನೂ ತೆತ್ತಿರುತ್ತಾನೆ. ಸಾವೊ ಪೌಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಸಂಗಡಿಗರು ರೂಪಿಸಿದ, ಆಹಾರವನ್ನು ಸಂಸ್ಕರಣೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡುವ ‘ನೋವಾ’ ವರ್ಗೀಕರಣದಲ್ಲಿ ಇಂಥ ತಿನಿಸುಗಳು ನಾಲ್ಕನೆಯ ಗುಂಪು, ಅತಿ ಸಂಸ್ಕರಿತ ಆಹಾರ. ಸಂಸ್ಕರಣೆ ಎಂದ ಕೂಡಲೇ ಎಲ್ಲವೂ ಕೆಟ್ಟದ್ದಲ್ಲ. ಮೊಸರು, ಹಿಟ್ಟು, ಹೆಪ್ಪುಗಟ್ಟಿಸಿದ ಬಟಾಣಿ, ಡಬ್ಬಿಯ ಕಾಳು ಇವೂ ಸಂಸ್ಕರಿತವೇ, ಆದರೆ ಆ ನಾಲ್ಕನೆಯ ಗುಂಪಿಗೆ ಸೇರುವುದಿಲ್ಲ. ಹೆಪ್ಪುಗಟ್ಟಿಸಿದ ತರಕಾರಿಯನ್ನು ಕೀಳಾಗಿ ಕಾಣುವುದು ತಪ್ಪು. ಕೊಯ್ದ ಕೆಲವೇ ಗಂಟೆಗಳಲ್ಲಿ ಅದನ್ನು ಶೀತಲೀಕರಿಸುವುದರಿಂದ, ಮೂರು ನಾಲ್ಕು ದಿನ ಬುಟ್ಟಿಯಲ್ಲಿ ಬಾಡಿದ ತರಕಾರಿಗಿಂತ ಪೋಷಕಾಂಶ ಹೆಚ್ಚೇ ಉಳಿದಿರಬಹುದು; ಸಿಪ್ಪೆ, ತೊಟ್ಟಿನ ನಷ್ಟವಂತೂ ಇಲ್ಲ.

ಬೆಲೆಯ ಚರ್ಚೆಯಲ್ಲಿ ತಪ್ಪದೆ ನೆನೆಯಬೇಕಾದ ಒಂದು ಪ್ರಯೋಗವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಅತಿ ಸಂಸ್ಕರಿತ ಊಟ, ಎರಡು ವಾರ ಸಂಸ್ಕರಿಸದ ಊಟ ಕೊಟ್ಟಿತು. ತಟ್ಟೆಗೆ ಹಾಕಿದ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಎಷ್ಟು ತಿನ್ನುವುದೆಂಬುದು ಅವರವರ ಇಷ್ಟ. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅತಿ ಸಂಸ್ಕರಿತ ಊಟದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ಎರಡು ವಾರದಲ್ಲಿ ಸುಮಾರು 0.9 ಕಿಲೋ ತೂಕ ಏರಿಸಿಕೊಂಡರು. ಇನ್ನೊಂದು ಊಟದಲ್ಲಿ ಅಷ್ಟೇ ತೂಕ ಇಳಿಯಿತು. ಅದೇ ವರದಿಯಲ್ಲಿ ಬೆಲೆಯೂ ಇದೆ. ದಿನಕ್ಕೆ 2,000 ಕ್ಯಾಲರಿಯಂತೆ ವಾರದ ಸಾಮಾನಿಗೆ ಅತಿ ಸಂಸ್ಕರಿತ ಊಟಕ್ಕೆ 106 ಡಾಲರ್, ಸಂಸ್ಕರಿಸದ ಊಟಕ್ಕೆ 151 ಡಾಲರ್. ಒಳ್ಳೆಯ ಊಟ ಶೇ 42ರಷ್ಟು ದುಬಾರಿ ಎಂದು ಇಲ್ಲಿಗೇ ಲೆಕ್ಕ ನಿಲ್ಲಿಸುವವರು ಹೆಚ್ಚು. ಆದರೆ ಆ ಜನ ಎರಡರಲ್ಲೂ ಒಂದೇ ಪ್ರಮಾಣ ತಿನ್ನಲಿಲ್ಲವಲ್ಲ? ಸಂಸ್ಕರಿಸದ ಊಟದಲ್ಲಿ ದಿನಕ್ಕೆ 2,500 ಕ್ಯಾಲರಿಯ ಆಸುಪಾಸು, ಅತಿ ಸಂಸ್ಕರಿತ ಊಟದಲ್ಲಿ 3,000ದ ಆಸುಪಾಸು ಎಂದು ಹಿಡಿದು ಲೆಕ್ಕ ಹಾಕಿದರೆ ವಾರದ ಖರ್ಚು ಕ್ರಮವಾಗಿ 189 ಮತ್ತು 159 ಡಾಲರ್ ಆಗುತ್ತದೆ. ಶೇ 42ರ ಅಂತರ ಶೇ 20ಕ್ಕಿಂತ ಕೆಳಗಿಳಿಯಿತು. ಉಳಿದ ಆ ಅಂತರ ಸುಳ್ಳಲ್ಲ, ಬಡ ಮನೆಗೆ ಅದು ಚಿಕ್ಕದೂ ಅಲ್ಲ. ಹೆಚ್ಚು ತಿನ್ನಿಸುವ ಗುಣವೂ ಬೆಲೆಯ ಭಾಗ ಎಂಬುದನ್ನಷ್ಟೇ ಇದು ತೋರಿಸುತ್ತದೆ.

ದುಬಾರಿ ಎಂಬುದನ್ನು ಅಲ್ಲಗಳೆಯುವವರಿಗೆ ಇನ್ನೂ ಕೆಲವು ಅಂಕಿಗಳು. ಹಾರ್ವರ್ಡ್ ಸಂಶೋಧಕರು 2013ರಲ್ಲಿ 10 ದೇಶಗಳ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಅತಿ ಆರೋಗ್ಯಕರ ಆಹಾರಕ್ರಮಕ್ಕೆ ತೀರಾ ಅನಾರೋಗ್ಯಕರವಾದುದಕ್ಕಿಂತ ಒಬ್ಬರಿಗೆ ದಿನಕ್ಕೆ ಸುಮಾರು ಒಂದೂವರೆ ಡಾಲರ್ ಹೆಚ್ಚು ಬೀಳುತ್ತದೆ ಎಂದು ಕಂಡುಕೊಂಡರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2020ರ ವರದಿಯಲ್ಲಿ, ಬರೀ ಪಿಷ್ಟದ ಧಾನ್ಯದಿಂದ ಹೊಟ್ಟೆ ತುಂಬಿಸುವ ಖರ್ಚಿನ ಐದು ಪಟ್ಟಿನಷ್ಟು ಆರೋಗ್ಯಕರ ಊಟಕ್ಕೆ ಬೇಕು ಎಂದಿತು. 2024ರಲ್ಲಿ ಜಗತ್ತಿನ ಸುಮಾರು 260 ಕೋಟಿ ಜನರಿಗೆ ಅಂಥ ಊಟ ಕೈಗೆಟುಕುತ್ತಿರಲಿಲ್ಲ ಎಂಬುದೂ ಅದೇ ವರದಿ ಸರಣಿಯ ಅಂದಾಜು. ಖರ್ಚನ್ನು ಏರಿಸುವುದು ಮುಖ್ಯವಾಗಿ ಹಣ್ಣು, ತರಕಾರಿ ಮತ್ತು ಪ್ರಾಣಿಜನ್ಯ ಆಹಾರ. ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯನ್ನು ನಾಲ್ಕು ಜನರ ಮನೆಗೆ ಗುಣಿಸಿದರೆ ವಾರಕ್ಕೆ 11 ಕಿಲೋ ದಾಟುತ್ತದೆ. ಅದೂ ತಿನ್ನುವ ತೂಕ. ಕೊಳ್ಳುವ ತೂಕ ಅದಕ್ಕಿಂತ ಹೆಚ್ಚು.

ಕೊಳ್ಳುವ ತೂಕಕ್ಕೂ ತಿನ್ನುವ ತೂಕಕ್ಕೂ ಇರುವ ಅಂತರವೇ ಕಣ್ಣಿಗೆ ಕಾಣದ ದೊಡ್ಡ ಸೋರಿಕೆ. ಬಾಳೆಹಣ್ಣಿನ ಮೂರನೇ ಒಂದು ಪಾಲು ಸಿಪ್ಪೆ. ಅನಾನಸಿನಲ್ಲಿ ಅರ್ಧದಷ್ಟು ಹೋಗುತ್ತದೆ. ಸಿಪ್ಪೆಸಹಿತ ಹಸಿ ಬಟಾಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಸ. ಎಲೆಕೋಸು, ಕ್ಯಾರೆಟ್, ಈರುಳ್ಳಿಗಳಲ್ಲಿ ನಷ್ಟ ತೀರ ಕಡಿಮೆ. ಒಮ್ಮೆ ಮನೆಯಲ್ಲಿ ಸಿಪ್ಪೆ ತೆಗೆದು ತೂಗಿ, ತಿನ್ನುವ ತೂಕವನ್ನು ಕೊಂಡ ತೂಕದಿಂದ ಭಾಗಿಸಿಟ್ಟುಕೊಂಡರೆ ಸಾಕು. ಮುಂದೆ ಅಂಗಡಿಯಲ್ಲಿ ಕಂಡ ಬೆಲೆಯನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ಬೆಲೆ ತಿಳಿಯುತ್ತದೆ. ಕಿಲೋಗೆ ಒಂದೇ ಬೆಲೆಯಿರುವ ಸಿಪ್ಪೆಬಟಾಣಿಗೂ ಎಲೆಕೋಸಿಗೂ ತಟ್ಟೆಯಲ್ಲಿ ಎರಡು ಪಟ್ಟು ವ್ಯತ್ಯಾಸ.

ಕೊಳೆತು ಹೋಗುವುದು ಇನ್ನೊಂದು ಸೋರಿಕೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಶೇ 60ರಷ್ಟು ಮನೆಗಳಲ್ಲೇ. ಸೊಪ್ಪು ಬೇಗ ಕೆಡಲು ಹೆಚ್ಚಾಗಿ ಎರಡು ಕಾರಣ. ಒಂದು, ತೊಳೆದು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುವುದು. ನಿಂತ ನೀರಿನಲ್ಲಿ ಎಲೆ ಲೋಳೆಯಾಗುತ್ತದೆ. ತೊಳೆಯದೆ, ಕೊಳೆತ ಎಲೆ ಆರಿಸಿ ತೆಗೆದು, ಒಣ ಬಟ್ಟೆ ಅಥವಾ ಕಾಗದದಲ್ಲಿ ಸಡಿಲವಾಗಿ ಸುತ್ತಿಟ್ಟರೆ ತೇವ ಹೀರಿಕೊಳ್ಳುತ್ತದೆ. ಎರಡು, ಬಾಳೆ, ಸೇಬು, ಟೊಮೆಟೊಗಳ ಪಕ್ಕದಲ್ಲಿಡುವುದು. ಅವು ಹಣ್ಣಾಗುವಾಗ ಬಿಡುವ ಎಥಿಲೀನ್ ಅನಿಲ ಸೊಪ್ಪನ್ನು ಹಳದಿ ಮಾಡುತ್ತದೆ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗಿ ಸಿಹಿಯೇರುತ್ತದೆ, ಕರಿದಾಗ ಬೇಗ ಕಪ್ಪಾಗುತ್ತದೆ. ಕತ್ತಲೆಯ, ಗಾಳಿಯಾಡುವ ತಂಪು ಜಾಗವೇ ಅದಕ್ಕೆ ಸರಿ, ಈರುಳ್ಳಿಯಿಂದ ದೂರ. ವಾರದ ಮೊದಲ ಎರಡು ದಿನ ಸೊಪ್ಪು, ಆಮೇಲೆ ಬೀನ್ಸ್, ಟೊಮೆಟೊದಂಥವು, ಕೊನೆಗೆ ಎಲೆಕೋಸು, ಕ್ಯಾರೆಟ್, ಕುಂಬಳ ಎಂದು ಕ್ರಮ ಹಾಕಿಕೊಂಡರೆ ಬಿಸಾಡುವ ಪಾಲು ಗಣನೀಯವಾಗಿ ಇಳಿಯುತ್ತದೆ.

ಇನ್ನು ಕಾಳು. ಅಗ್ಗದ ಒಳ್ಳೆಯ ಊಟವೆಂದರೆ ಬಹುಪಾಲು ಕಾಳಿನ ಊಟ. ಅದನ್ನು ಹೇಳಿ ಮುಗಿಸುವವರು ಬೇಯಿಸುವ ಗೋಳನ್ನು ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಅರ್ಧ ಕಿಲೋ ಒಣ ಕಡಲೆಕಾಳು ಬೆಂದ ಮೇಲೆ 1.1ರಿಂದ 1.25 ಕಿಲೋ ಆಗುತ್ತದೆ. 150 ಗ್ರಾಂನಂತೆ ಬಡಿಸಿದರೆ ಏಳೆಂಟು ಜನಕ್ಕೆ ಸಾಕು. ಎಂಟು ಗಂಟೆ ನೆನೆಸಬೇಕು, ಕಾಳಿನ ಮೂರರಷ್ಟು ನೀರಿರಬೇಕು. ನೆನೆಸುವ ನೀರಿಗೆ ಲೀಟರಿಗೆ ಒಂದು ಟೀ ಚಮಚ ಉಪ್ಪು ಹಾಕಿದರೆ ಸಿಪ್ಪೆ ಮೆತ್ತಗಾಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಸರಿಯಲ್ಲ, ಬೇಯಲು ಬಿಡದಿರುವುದು ಹುಳಿ. ಟೊಮೆಟೊ, ನಿಂಬೆ, ಬೇರೆ ಯಾವ ಹುಳಿಯೇ ಇರಲಿ, ಕಾಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಬೆಂದ ಮೇಲೆಯೇ ಬೀಳಬೇಕು. ಕುಕ್ಕರಿನಲ್ಲಿ ಕಾಳು, ನೀರು ಸೇರಿ ಅರ್ಧಕ್ಕಿಂತ ಮೇಲೆ ಇರಬಾರದು. ನೊರೆ ಉಕ್ಕಿ ಆವಿಯ ಕಿಂಡಿ ಕಟ್ಟಿಕೊಳ್ಳುತ್ತದೆ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಒತ್ತಡ ಬಂದ ಮೇಲೆ ಉರಿ ಸಣ್ಣ ಮಾಡಿ 15ರಿಂದ 20 ನಿಮಿಷ. ನೆನೆಸದಿದ್ದರೆ ಅದು 40 ನಿಮಿಷ ದಾಟುತ್ತದೆ, ಗ್ಯಾಸಿನ ಖರ್ಚೂ ಅದೇ ಲೆಕ್ಕದಲ್ಲಿ ಏರುತ್ತದೆ.

ಇಷ್ಟೆಲ್ಲ ಮಾಡಿದರೂ ಕಾಳು ಕಲ್ಲಿನ ಹಾಗೆ ಉಳಿಯಿತೆಂದರೆ ತಪ್ಪು ಅಡುಗೆಯವರದಲ್ಲ. ಸೆಕೆ ಮತ್ತು ತೇವದ ಗೋದಾಮಿನಲ್ಲಿ ಬಹುಕಾಲ ಬಿದ್ದಿದ್ದ ಕಾಳು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚಿರುವ ಗಡಸು ನೀರಾದರೂ ಹೀಗೇ ಆಗುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಯುತ್ತದೆ, ಹೆಚ್ಚಾದರೆ ಬಿ1 ವಿಟಮಿನ್ ನಾಶವಾಗುತ್ತದೆ, ರುಚಿಯೂ ಕೆಡುತ್ತದೆ. ರಾಜ್ಮಾದಂಥ ಕೆಂಪು ಬೀನ್ಸ್ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಬೇಡ: ಅದರ ಲೆಕ್ಟಿನ್ ವಿಷ ಹೋಗಬೇಕಾದರೆ ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ 30 ನಿಮಿಷ ಕುದಿಸಬೇಕು. ಕುದಿಬಿಂದು ಮುಟ್ಟದ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ವಾಂತಿ, ಹೊಟ್ಟೆನೋವು ಖಚಿತ ಎಂದೇ ತಿಳಿಯಬೇಕು. ಬೆಂದ ಕಾಳನ್ನು ಅಗಲವಾದ ಪಾತ್ರೆಗಳಲ್ಲಿ ತೆಳುವಾಗಿ ಹರಡಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರು ನಾಲ್ಕು ದಿನ ಇರುತ್ತದೆ. ಒಂದೊಂದು ಹೊತ್ತಿಗಾಗುವಷ್ಟನ್ನು ಬೇರೆ ಬೇರೆ ಕಟ್ಟಿ ಫ್ರೀಜರಿನಲ್ಲಿಟ್ಟರೆ ತಿಂಗಳುಗಳು. ಆ ಡಬ್ಬಿ ಮನೆಯಲ್ಲಿದ್ದ ದಿನ ಕಾಳಿನ ಊಟ ಪ್ಯಾಕೆಟ್ಟಿನ ನೂಡಲ್ಸ್‌ನಷ್ಟೇ ಬೇಗ ಸಿದ್ಧವಾಗುತ್ತದೆ. ಇಲ್ಲದ ದಿನ ಆಗುವುದಿಲ್ಲ. ಫ್ರಿಜ್ಜಾಗಲಿ ಕುಕ್ಕರಾಗಲಿ ಇಲ್ಲದ ಮನೆಗೆ ಈ ಮಾತೂ ಅನ್ವಯಿಸುವುದಿಲ್ಲ.

ಸಮಯದ ಬೆಲೆಯನ್ನು ಶೂನ್ಯವೆಂದು ಹಿಡಿದು ಮಾಡಿದ ಎಲ್ಲ ಲೆಕ್ಕವೂ ನನ್ನ ಮಟ್ಟಿಗೆ ಅಪ್ರಾಮಾಣಿಕ. ಪ್ಯಾಕೆಟ್ಟು ಕೊಂಡವರು ಅರ್ಧ ಗಂಟೆಯನ್ನೂ ಕೊಂಡಿರುತ್ತಾರೆ. ಎರಡು ಪಾಳಿ ದುಡಿದು ಬಂದವರಿಗೆ ಅದು ಪೋಷಕಾಂಶದಷ್ಟೇ ಅಗತ್ಯದ್ದು. ‘ಮನೆಯಲ್ಲೇ ಮಾಡಿದರೆ ಅಗ್ಗ’ ಎನ್ನುವಾಗ ಆ ಮಾಡುವ ಕೈಗಳು ಬಹುತೇಕ ಹೆಂಗಸರವೇ ಎಂಬುದನ್ನೂ, ಅವರ ಹೊತ್ತಿಗೆ ಯಾರೂ ಕೂಲಿ ಬರೆದಿಡುವುದಿಲ್ಲ ಎಂಬುದನ್ನೂ ಹೇಳಬೇಕು. ಇನ್ನೊಂದು ಖರ್ಚು ಮಕ್ಕಳ ನಿರಾಕರಣೆಯದು. ಹೊಸ ತರಕಾರಿಯ ರುಚಿಯನ್ನು ಮಗು ಒಪ್ಪಲು ಎಂಟರಿಂದ ಹದಿನೈದು ಸಲ ಕೊಟ್ಟು ನೋಡಬೇಕಾಗಬಹುದು. ಅಷ್ಟು ಸಲ ತಟ್ಟೆಯಲ್ಲಿ ಬಿಟ್ಟದ್ದನ್ನು ಬಿಸಾಡುವ ಶಕ್ತಿ ಎಲ್ಲ ಮನೆಗಳಿಗಿಲ್ಲ. ಬಿಸ್ಕತ್ತನ್ನು ಮಗು ಬೇಡ ಎನ್ನುವುದಿಲ್ಲ ಎಂಬ ಖಾತರಿಗೇ ತಾಯಿ ದುಡ್ಡು ಕೊಡುತ್ತಾಳೆ. ಇಂಥ ಮನೆಗಳಲ್ಲಿ ಹೊಸ ತರಕಾರಿಯನ್ನು ಮಗು ಈಗಾಗಲೇ ತಿನ್ನುವ ಪದಾರ್ಥದ ಜೊತೆ ಒಂದೆರಡು ಚಮಚದಷ್ಟು ಮಾತ್ರ, ದೊಡ್ಡವರ ಪಾಲಿನಿಂದಲೇ ತೆಗೆದು ಕೊಡುವುದು ಲೇಸು. ತಿನ್ನದಿದ್ದರೆ ದೊಡ್ಡವರ ತಟ್ಟೆಗೆ ವಾಪಸ್ಸು ಬರುತ್ತದೆ, ನಷ್ಟವಿಲ್ಲ.

ಆರೋಗ್ಯಕರ ಊಟಕ್ಕೆ ದುಬಾರಿಯೆಂಬ ಹೆಸರು ಬಂದಿರುವುದಕ್ಕೆ ಅರ್ಧ ಕಾರಣ ಆರೋಗ್ಯದ ಹೆಸರಿನಲ್ಲಿ ಮಾರುವ ಪ್ಯಾಕೆಟ್ಟುಗಳು. ಪ್ರೋಟೀನ್ ಬಾರ್, ಮಲ್ಟಿಗ್ರೇನ್ ಬಿಸ್ಕತ್ತು, ಬೆಳೆಯುವ ಮಕ್ಕಳ ಪುಡಿ, ದೂರದಿಂದ ಹಡಗಿನಲ್ಲಿ ಬಂದ ಬೀಜಗಳು: ಇವು ಯಾವುವೂ ಒಳ್ಳೆಯ ಊಟಕ್ಕೆ ಅಗತ್ಯವಲ್ಲ. ಸಾಮಗ್ರಿಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಮಲ್ಟಿಗ್ರೇನ್ ಎಂದು ಮುಂದೆ ದೊಡ್ಡದಾಗಿ ಬರೆದು, ಪಟ್ಟಿಯ ಮೊದಲಲ್ಲಿ ಮೈದಾ, ಎರಡನೆಯದಾಗಿ ಸಕ್ಕರೆ ಇದ್ದರೆ ಅದು ಮೈದಾ ಬಿಸ್ಕತ್ತೇ. ಸಕ್ಕರೆಯನ್ನು ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್ ಎಂದು ಒಡೆದು ಬರೆದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ; ಎಲ್ಲವನ್ನೂ ಕೂಡಿಯೇ ಓದಬೇಕು. ‘ಒಂದು ಸರ್ವಿಂಗ್‌ಗೆ’ ಎಂಬ ಅಂಕಣ ನೋಡದೆ ‘100 ಗ್ರಾಂಗೆ’ ಎಂಬ ಅಂಕಣವನ್ನೇ ನೋಡಬೇಕು. ಸೋಡಿಯಂ ಎಂದು ಬರೆದಿದ್ದರೆ ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ದೊಡ್ಡವರಿಗೆ ದಿನದ ಮಿತಿ 2,000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು.

ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದು ಏನಾದರೂ ಬದಲಿಸಬೇಕೆಂದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಬೇಡ. ಮೊದಲು ಬಿಡಬೇಕಾದದ್ದು ಸಿಹಿ ಪಾನೀಯ. 330 ಮಿಲಿಲೀಟರಿನ ಒಂದು ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ; ಹೊಟ್ಟೆಯೂ ತುಂಬುವುದಿಲ್ಲ, ಬದಲಿಗೆ ಏನನ್ನೂ ಕೊಳ್ಳಬೇಕಾಗಿಯೂ ಇಲ್ಲ. ಉಳಿದ ಆ ದುಡ್ಡು ನೇರವಾಗಿ ಹಣ್ಣಿಗೆ ಹೋಗಲಿ. ಎರಡನೆಯದು ಬಿಸ್ಕತ್ತು, ಚಿಪ್ಸ್ ಜಾಗಕ್ಕೆ ಹುರಿದ ಶೇಂಗಾ, ಬೇಯಿಸಿದ ಕಾಳು, ಬಾಳೆಹಣ್ಣು. ನೂಡಲ್ಸನ್ನು ಬಿಡಲಾಗದಿದ್ದರೆ ಅದನ್ನೇ ಸುಧಾರಿಸಬಹುದು. 70 ಗ್ರಾಂನ ಪ್ಯಾಕೆಟ್ಟಿನಲ್ಲಿ ಮುನ್ನೂರು ಚಿಲ್ಲರೆ ಕ್ಯಾಲರಿ, ಆರೇಳು ಗ್ರಾಂ ಪ್ರೋಟೀನ್, ಬಹಳಷ್ಟರಲ್ಲಿ 800ರಿಂದ 1,000 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಸೋಡಿಯಂನ ಹೆಚ್ಚು ಪಾಲು ಮಸಾಲೆ ಪುಡಿಯಲ್ಲಿ; ಅರ್ಧ ಪುಡಿ ಹಾಕಿ, ಒಂದು ಮೊಟ್ಟೆ ಒಡೆದು ಬಿಟ್ಟು, ನೂರು ಗ್ರಾಂ ಹೆಚ್ಚಿದ ತರಕಾರಿ ಸೇರಿಸಿದರೆ ಪ್ರೋಟೀನ್ ಎರಡು ಪಟ್ಟಿಗೆ ಹತ್ತಿರವಾಗುತ್ತದೆ, ಉಪ್ಪು ಬಹುಮಟ್ಟಿಗೆ ಇಳಿಯುತ್ತದೆ. ಶುದ್ಧವಾದಿಗಳಿಗೆ ಇದು ಹಿಡಿಸದಿರಬಹುದು. ದಣಿದು ಬಂದ ಮನೆಯಲ್ಲಿ ನಡೆಯುವ ಸಲಹೆ ಮಾತ್ರ ಇದೇ.

ಅಗ್ಗದ ತಿನಿಸಿನ ಬೆಲೆಯಲ್ಲಿ ಸೇರದ ಒಂದು ಪಾಲು ಹಲ್ಲಿನ ಹುಳುಕು, ರಕ್ತದೊತ್ತಡ, ಮಧುಮೇಹದ ಔಷಧಿಯ ಚೀಟಿಯಲ್ಲಿ ಬರುತ್ತದೆ; ತೆರುವವರು ಅದೇ ಮನೆಯವರು, ಇಲ್ಲವೇ ಸರ್ಕಾರದ ಬೊಕ್ಕಸ. ಆಹಾರ ವ್ಯವಸ್ಥೆಯ ಇಂಥ ಅಡಗಿದ ಖರ್ಚು ವರ್ಷಕ್ಕೆ ಕನಿಷ್ಠ 10 ಲಕ್ಷ ಕೋಟಿ ಡಾಲರ್, ಅದರಲ್ಲಿ ಶೇ 70ಕ್ಕೂ ಹೆಚ್ಚು ಅನಾರೋಗ್ಯಕರ ಊಟದಿಂದ ಬಂದದ್ದು ಎಂದು ಆಹಾರ ಮತ್ತು ಕೃಷಿ ಸಂಸ್ಥೆ 2023ರಲ್ಲಿ ಅಂದಾಜಿಸಿತು. ಈ ಖರ್ಚನ್ನು ತಯಾರಕರ ಕಡೆಗೆ ತಿರುಗಿಸಿದ ದೇಶಗಳಿವೆ. ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಬ್ರಿಟನ್ 2018ರಲ್ಲಿ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಎರಡು ಹಂತದ ತೆರಿಗೆ ತಂದಾಗ ಅನೇಕ ಕಂಪನಿಗಳು ತೆರಿಗೆಯ ಗೆರೆಯ ಕೆಳಗೆ ಬರುವಂತೆ ಸಕ್ಕರೆಯನ್ನೇ ಕಡಿಮೆ ಮಾಡಿದವು. ಚಿಲಿ 2016ರಿಂದ ಪ್ಯಾಕೆಟ್ಟಿನ ಮುಂಭಾಗದಲ್ಲೇ ಅಷ್ಟಕೋನದ ಕಪ್ಪು ಎಚ್ಚರಿಕೆ ಮುದ್ರೆ ಒತ್ತಿಸುತ್ತಿದೆ. ತೆರಿಗೆಯಿಂದ ಬಂದ ಹಣ ಹಣ್ಣು, ತರಕಾರಿ, ಕಾಳಿನ ಬೆಲೆ ಇಳಿಸಲು ಹೋಗದಿದ್ದರೆ ಬಡವರ ಬುಟ್ಟಿ ಇನ್ನಷ್ಟು ಹಗುರಾಗುತ್ತದೆ ಎಂಬ ಆತಂಕ ನನಗಿದೆ. ತೆರಿಗೆ ಮತ್ತು ಸಹಾಯಧನ ಒಟ್ಟಿಗೇ ಬರಬೇಕು.

ಪತ್ರಿಕೆಯಿಂದ ಆಗಬಹುದಾದ ಒಂದು ಕೆಲಸವಿದೆ. ಪೇಟೆ ಧಾರಣೆಯ ಪಟ್ಟಿಯಲ್ಲಿ ಕಿಲೋ ಬೆಲೆಯ ಪಕ್ಕ ಇನ್ನೆರಡು ಕಾಲಂ ಸೇರಿಸಿ: ತರಕಾರಿ, ಹಣ್ಣಿಗೆ ಸಿಪ್ಪೆ ಕಳೆದ ಮೇಲಿನ ಕಿಲೋ ಬೆಲೆ, ಬೇಳೆಕಾಳು, ಮೊಟ್ಟೆ, ಹಾಲು, ಶೇಂಗಾಕ್ಕೆ 10 ಗ್ರಾಂ ಪ್ರೋಟೀನಿನ ಬೆಲೆ. ಅದೇ ಪಟ್ಟಿಯ ಕೊನೆಯಲ್ಲಿ ಬಿಸ್ಕತ್ತು, ಚಿಪ್ಸ್, ನೂಡಲ್ಸ್‌ಗಳ ಸಣ್ಣ ಪ್ಯಾಕೆಟ್ಟಿನ ಬೆಲೆಯನ್ನು ಕಿಲೋಗೆ ಏರಿಸಿ ಹಾಕಿ. ಗುಣಾಕಾರಕ್ಕೆ ಬೇಕಾದ ಗ್ರಾಂಗಳು ಮೇಲೆ ಇವೆ. ಅವು ವಾರ ವಾರ ಬದಲಾಗುವಂಥವಲ್ಲ, ಒಮ್ಮೆ ಪಟ್ಟಿಗೆ ಕೂರಿಸಿದರೆ ಆಮೇಲೆ ಬೆಲೆಯನ್ನಷ್ಟೇ ತಿದ್ದಬೇಕು.

ಇಂತಿ,
ಆಹಾರ ಪೋಷಣೆ ಕ್ಷೇತ್ರದ ಒಬ್ಬ ವಾಚಕಿ